ಫೈಲಿನಲ್ಲಿ ‘ಸಿಟ್ಟು ಜಾಸ್ತಿ’ ಅಂತಿತ್ತು

ನಾನು ನ್ಯೂಜೆರ್ಸಿಯಲ್ಲಿ ಶಾಲಾ ಕೌನ್ಸೆಲರ್. ಹೋದ ವಾರ ಹದಿಮೂರರ ಕಪ್ಪು ಹುಡುಗನೊಬ್ಬ ಮುಂದೆ ಕೂತು, ಹೂಡಿಯ ದಾರವನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಇದ್ದ. ಫೈಲಿನಲ್ಲಿ ‘ಸಿಟ್ಟು ಜಾಸ್ತಿ’ ಅಂತಷ್ಟೇ ಇತ್ತು. ‘ರಾತ್ರಿ ನಿದ್ದೆ ಬರುತ್ತಾ?’ ಅಂದೆ. ದಾರ ಬಿಟ್ಟು ಅತ್ತುಬಿಟ್ಟ.

ನ್ಯೂಯಾರ್ಕ್ ವಿಶ್ವವಿದ್ಯಾಲಯದ ಮೈಕೆಲ್ ಲಿಂಡ್ಸೆ ತಂಡದ 2019ರ ಅಧ್ಯಯನ ನೆನಪಾಯಿತು. 1991ರಿಂದ 2017ರೊಳಗೆ, ಆತ್ಮಹತ್ಯೆಗೆ ಯತ್ನಿಸಿದ್ದೆವು ಎಂದ ಕಪ್ಪು ಹೈಸ್ಕೂಲ್ ಮಕ್ಕಳ ಪ್ರಮಾಣ ಶೇ. 73ರಷ್ಟು ಏರಿತ್ತು. ‘ಅವರಲ್ಲಿ ಅದೆಲ್ಲ ಕಡಿಮೆ’ ಅಂತ ಎಷ್ಟು ವರ್ಷ ಸುಮ್ನೆ ಇದ್ದೆವು, ಅಲ್ವಾ? ಖಿನ್ನತೆ ಎಷ್ಟೋ ಮಕ್ಕಳಲ್ಲಿ ಸಿಡುಕಾಗಿ ಕಾಣುತ್ತದೆ. ಶಾಲೆ ಅದಕ್ಕೆ ಶಿಕ್ಷೆ ಕೊಡುತ್ತದೆ. ನನಗೆ ಹೊಟ್ಟೆ ಉರಿಯುವುದು ಅಲ್ಲೇ.

ಅವನ ಅಮ್ಮನಿಗೆ ಫೋನ್ ಮಾಡಿದೆ. ಅಮೆರಿಕದ ಆತ್ಮಹತ್ಯೆ ತಡೆ ಸಹಾಯವಾಣಿ 988 ಅನ್ನು ಇಬ್ಬರ ಮೊಬೈಲಿನಲ್ಲೂ ಸೇವ್ ಮಾಡಿಸಿದೆ. ನಾಳೆ ಮತ್ತೆ ಬರುತ್ತಾನೆ.