ರೇಟು ಬೀಳಿಸಿದ ಊರಿಗೆ ಹೋಗಿ ಬಂದೆ

ಫೆಬ್ರವರಿ 9, 2025, ಭಾನುವಾರ
ಸುಂಟಿಕೊಪ್ಪ ಹತ್ತಿರ, ಮನೆಯಲ್ಲಿ

ಬೆಳಿಗ್ಗೆ ಏಳಕ್ಕೆ ಕಣದ ತಾರ್ಪಾಲು ಎತ್ತಿದೆವು. ರಾತ್ರಿ ಬಿದ್ದ ಇಬ್ಬನಿ ಅದರ ಮೇಲೆ ಅಲ್ಲಲ್ಲಿ ಗುಂಡಿ ಕಟ್ಟಿ ನಿಂತಿತ್ತು. ಹುಷಾರಾಗಿ ಒಂದು ಮೂಲೆಗೆ ಇಳಿಸದಿದ್ದರೆ ಅಡಿಯ ಕಾಫಿಯೆಲ್ಲ ಒದ್ದೆ. ಅಪ್ಪ ಬಗ್ಗಿ ಒಂದು ಹಿಡಿ ಕಾಫಿ ತೆಗೆದುಕೊಂಡು ಮುಷ್ಟಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಗಲಗಲ ಅನ್ನಬೇಕು. ಒಳಗಿನ ಬೀಜ ಸಿಪ್ಪೆ ಬಿಟ್ಟು ಆಡಿದರೆ ಮಾತ್ರ ಆ ಸದ್ದು ಬರುತ್ತದೆ.

"ಇನ್ನೂ ಎರಡು ಬಿಸಿಲು ಬೇಕು" ಅಂದರು.

ನಾನು ಹಾಗೇ ನಿಂತುಬಿಟ್ಟೆ. ಹೋದ ತಿಂಗಳು ಇದೇ ಮುಷ್ಟಿ, ಇದೇ ಸದ್ದು ವಿಯೆಟ್ನಾಂನ ಒಂದು ಅಂಗಳದಲ್ಲಿ ನೋಡಿದ್ದೆ. ಬಂದ ದಿನದಿಂದ ಕುಯ್ಲು, ಕಣ, ಚೀಲ ಅಂತ ಬಿಡುವೇ ಇಲ್ಲ. ಇವತ್ತು ಬರೆದುಬಿಡುತ್ತೇನೆ.

ನಮ್ಮ ಮನೆಯಲ್ಲಿ ವಿಯೆಟ್ನಾಂ ಅನ್ನುವುದು ಒಂದು ದೇಶದ ಹೆಸರಾಗಿರಲಿಲ್ಲ. ಅದು ರೇಟು ಬೀಳುವುದರ ಹೆಸರು. ಅಲ್ಲಿ ಜಾಸ್ತಿ ಬೆಳೆದಿದ್ದಕ್ಕೇ ನಮ್ಮ ಕಾಫಿಯ ರೇಟು ಬಿತ್ತು ಅನ್ನುವ ಮಾತಿತ್ತು. 2001, 2002ರಲ್ಲಿ ಕಾಫಿ ಕೇಳುವವರೇ ಇಲ್ಲದ ಹಾಗಾದಾಗ ನಾನು ಇನ್ನೂ ಶಾಲೆಯಲ್ಲಿದ್ದೆ. ಅಪ್ಪ ಜೀಪು ಮಾರಿದರು. ಅದರ ಹಿಂದಿನ ಸೀಟಿನಲ್ಲಿ ಅಕ್ಕ ನಾನು ಜಗಳ ಆಡಿಕೊಂಡು ಶಾಲೆಗೆ ಹೋಗುತ್ತಿದ್ದೆವು. ಕೊಂಡವರು ಗೇಟು ದಾಟಿಸುವವರೆಗೂ ಅಪ್ಪ ಮನೆಯೊಳಗಿಂದ ಹೊರಗೆ ಬರಲಿಲ್ಲ. ಆಮೇಲೆ ಅಂದದ್ದು ಒಂದೇ ಮಾತು, "ವಿಯೆಟ್ನಾಂನವರು ನಮ್ಮನ್ನು ಮುಗಿಸಿದರು." 2017ರಲ್ಲಿ ಕಾಳುಮೆಣಸಿನ ರೇಟು ಇಳಿದಾಗಲೂ ಅದೇ ಹೆಸರು. ಅಲ್ಲಿನ ಮೆಣಸು ಶ್ರೀಲಂಕಾ ಸುತ್ತಿಕೊಂಡು ಇಲ್ಲಿಗೆ ಬರುತ್ತಿದೆ ಅಂತ ಬೆಳೆಗಾರರೆಲ್ಲ ಗಲಾಟೆ ಮಾಡಿದ್ದರು. ಕೊನೆಗೆ ಆ ಡಿಸೆಂಬರ್‌ನಲ್ಲಿ ಕಿಲೋಗೆ 500 ರೂಪಾಯಿಗಿಂತ ಕಡಿಮೆಗೆ ಆಮದು ಮಾಡುವ ಹಾಗಿಲ್ಲ ಅಂತ ಸರ್ಕಾರ ನಿಯಮ ತಂದಿತು.

ಹಾಗಾಗಿ ಹೊಸ ವರ್ಷಕ್ಕೆ ವಿಯೆಟ್ನಾಂಗೆ ಹೋಗುತ್ತೇನೆ ಅಂದಾಗ ಅಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ. "ಅಲ್ಲೇನಿದೆ ನೋಡೋಕೆ?" ಅಂದರು ಅಷ್ಟೇ. ರೋಬಸ್ಟಾ ಕಾಫಿ ಇದೆ ಅಪ್ಪ ಅಂದೆ.

ಹೋಗುವವರಿಗೆ ಒಂದು ಮಾತು. ವೀಸಾ ಈಗ ಸುಲಭ. 2023ರ ಆಗಸ್ಟ್ 15ರಿಂದ 90 ದಿನದ ಇ-ವೀಸಾ ಕೊಡುತ್ತಿದ್ದಾರೆ, ಒಮ್ಮೆ ಹೋಗಿ ಬರುವುದಕ್ಕೆ 25 ಡಾಲರ್. ಪಾಸ್‌ಪೋರ್ಟಿನಲ್ಲಿ ಹೆಸರು ಹೇಗಿದೆಯೋ ಹಾಗೇ ತುಂಬಿಸಿ, ಇನಿಶಿಯಲ್ ಹಾಕಿ ಮುಗಿಸಬೇಡಿ. ಯಾವ ವಿಮಾನ ನಿಲ್ದಾಣದಲ್ಲಿ ಇಳಿಯುತ್ತೀರಿ ಅಂತಲೂ ಅರ್ಜಿಯಲ್ಲೇ ಕೇಳುತ್ತಾರೆ. ನಾನು ಕೋಲ್ಕತ್ತಾ ಮೂಲಕ ಹನೋಯ್‌ಗೆ ಹೋದೆ.

ಹನೋಯ್‌ನಲ್ಲಿ ಎಲ್ಲರೂ ನೋಡುವ ರೈಲು ಬೀದಿಯನ್ನು ನಾನೂ ನೋಡಿದೆ. ಮನೆಗಳ ಬಾಗಿಲಿಗೂ ಹಳಿಗೂ ಒಂದೆರಡು ಮಾರು ದೂರ ಅಷ್ಟೇ. ರೈಲು ಬರುವಾಗ ಕುರ್ಚಿ ಮಡಚಿ ಗೋಡೆಗೆ ಒತ್ತಿಕೊಂಡು ನಿಲ್ಲಬೇಕು. ಅಪಾಯ ಅಂತ 2019ರಲ್ಲಿ ಒಮ್ಮೆ, 2022ರಲ್ಲಿ ಇನ್ನೊಮ್ಮೆ ಅಲ್ಲಿನ ಕೆಫೆಗಳನ್ನು ಮುಚ್ಚಿಸಿದ್ದರು. ನನಗೆ ಅದು ಹಿಡಿಸಲಿಲ್ಲ. ಒಬ್ಬ ಅಜ್ಜಿ ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದರು. ಅವರನ್ನು ದಾಟಿಕೊಂಡು ಮೂವತ್ತು ಫೋನುಗಳು ರೈಲಿಗೆ ಕಾಯುತ್ತಿದ್ದವು. ವಾರದ ಕೊನೆಯಲ್ಲಿ ಮಡಿಕೇರಿ ರಸ್ತೆಯಲ್ಲಿ ಸಿಕ್ಕಿಹಾಕಿಕೊಂಡವರಿಗೆ ಆ ಅಜ್ಜಿಯ ಮುಖ ಅರ್ಥವಾಗುತ್ತದೆ. ಹತ್ತು ನಿಮಿಷ ನಿಂತು ಬಂದುಬಿಟ್ಟೆ.

ಮೊಟ್ಟೆ ಕಾಫಿ ಮಾತ್ರ ಬಿಡಬೇಡಿ. 1946ರಲ್ಲಿ ಹಾಲು ಸಿಗದ ಕಾಲದಲ್ಲಿ ಹೋಟೆಲೊಂದರಲ್ಲಿ ಕೆಲಸಕ್ಕಿದ್ದ ನ್ಗುಯೆನ್ ವಾನ್ ಜಾಂಗ್ ಅನ್ನುವವರು ಮೊಟ್ಟೆಯ ಹಳದಿ ಭಾಗ ಕಡೆದು ಕಾಫಿಯ ಮೇಲೆ ಹಾಕಿದರಂತೆ. ಅವರ ಹೆಸರಿನ ಅಂಗಡಿ ಈಗಲೂ ಇದೆ. ಕಪ್ಪನ್ನು ಬಿಸಿನೀರಿನ ಬಟ್ಟಲಲ್ಲಿ ಇಟ್ಟು ಕೊಡುತ್ತಾರೆ. ಮೊಟ್ಟೆ ವಾಸನೆ ಬರುವುದಿಲ್ಲ. ಅಡಿಯಲ್ಲಿ ಕಹಿ, ಮೇಲೆ ಗಟ್ಟಿ ಸಿಹಿ ನೊರೆ.

ನಾನು ಹೋಗಿದ್ದು ಬುವನ್ ಮಾ ಥುವೊಟ್‌ಗಾಗಿ. ಡಾಕ್ ಲಾಕ್ ಪ್ರಾಂತ್ಯದ ಮುಖ್ಯ ಊರು, ವಿಯೆಟ್ನಾಂ ಕಾಫಿಯ ರಾಜಧಾನಿ. ವಿಮಾನ ಇಳಿಯುವಾಗಲೇ ಕೆಂಪು ಮಣ್ಣು ಕಂಡಿತು. ಅಲ್ಲಿ ಒಂದು ಕಾಫಿ ಮ್ಯೂಸಿಯಂ ಇದೆ, 2018ರಲ್ಲಿ ಶುರುವಾದದ್ದು. ಕಟ್ಟಡವನ್ನು ಎಡೆ ಬುಡಕಟ್ಟಿನವರ ಉದ್ದ ಮನೆಯ ಆಕಾರದಲ್ಲಿ ಕಟ್ಟಿದ್ದಾರೆ. ಅಸಲಿ ಉದ್ದ ಮನೆಗಳನ್ನು ಊರಿನ ಅಂಚಿನ ಅಕೋ ಧೋಂಗ್‌ನಲ್ಲಿ ನೋಡಬಹುದು. ಕಂಬದ ಮೇಲೆ ನಿಂತ ಮನೆಗಳು. ಏಣಿಯ ತುದಿಯಲ್ಲಿ ಎರಡು ಮೊಲೆ, ಒಂದು ಚಂದ್ರ ಕೆತ್ತಿರುತ್ತಾರೆ. ಯಾಕಂದರೆ ಮನೆ ಹೆಣ್ಣಿನದು. ಹುಡುಗನನ್ನು ಕೇಳಲು ಹೋಗುವುದು ಹುಡುಗಿಯ ಮನೆಯವರು. ಆ ಏಣಿಯ ಕೆತ್ತನೆಯನ್ನು ಮುಟ್ಟಿ ನೋಡಿದೆ. ಹತ್ತುವವರೆಲ್ಲ ಕೈ ಊರಿ ಊರಿ ಬೆಣ್ಣೆಯ ಹಾಗೆ ನುಣುಪಾಗಿದೆ.

ಉಳಿದುಕೊಂಡದ್ದು ಊರಿನಿಂದ ಹೊರಗೆ, ಒಬ್ಬ ಬೆಳೆಗಾರರ ಮನೆಯಲ್ಲಿ. ಅವರನ್ನು ನಾನು 'ಚಿ' ಅನ್ನುತ್ತಿದ್ದೆ. ಚಿ ಅಂದರೆ ಅಕ್ಕ. ಅಲ್ಲೂ ಗುರುತಿಲ್ಲದವರನ್ನು ಅಕ್ಕ, ಅಣ್ಣ, ಅಂತಲೇ ಕರೆಯುವುದು. ಅವರು ನನ್ನನ್ನು 'ಎಮ್' ಅನ್ನುತ್ತಿದ್ದರು, ತಂಗಿ ಅಂತ. ಉಳಿದ ಮಾತೆಲ್ಲ ಫೋನಿನ ಅನುವಾದದಲ್ಲಿ ನಡೆಯಿತು.

ಮೊದಲ ದಿನ ತೋಟ ನೋಡಿ ಕಣ್ಣು ಕುಕ್ಕಿತು. ನೆರಳೇ ಇಲ್ಲ! ಸಿಲ್ವರ್ ಓಕ್ ಇಲ್ಲ, ಹಾಲುವಾಣ ಇಲ್ಲ, ಅತ್ತಿ ಇಲ್ಲ. ಬರೀ ಕಾಫಿ ಗಿಡ, ಮೇಲೆ ಬಿಸಿಲು. ಗಿಡದ ಬುಡಕ್ಕೆ ತಟ್ಟೆಯ ಹಾಗೆ ಗುಂಡಿ ತೋಡಿ ಪೈಪಿನಿಂದ ನೀರು ತುಂಬಿಸುತ್ತಾರೆ. ಮೆಣಸಿನ ಬಳ್ಳಿ ಹಬ್ಬಿರುವುದು ಮರಕ್ಕಲ್ಲ, ಸಿಮೆಂಟ್ ಕಂಬಕ್ಕೆ. ನಮ್ಮಲ್ಲಿ ತೋಟದೊಳಗೆ ಹೋದರೆ ಕಾಡಿನೊಳಗೆ ಹೋದ ಹಾಗೆ. ಅಲ್ಲಿ ಗದ್ದೆಗೆ ಇಳಿದ ಹಾಗೆ. ಇಳುವರಿ ಜಾಸ್ತಿ ಬರುವುದು ಇದಕ್ಕೇ. ನೀರು ಜಾಸ್ತಿ ಬೇಕಾಗುವುದೂ ಇದಕ್ಕೇ. ಕಳೆದ ವರ್ಷ ಅಲ್ಲಿ ಬರ ಬಂದು ಕೆರೆ ಬತ್ತಿದವು. ಲಂಡನ್ ಮಾರುಕಟ್ಟೆಯಲ್ಲಿ ರೋಬಸ್ಟಾ ಟನ್ನಿಗೆ 5,000 ಡಾಲರ್ ದಾಟಿದ್ದಕ್ಕೆ, ನಮ್ಮಲ್ಲಿ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ, 50 ಕಿಲೋ ಚೀಲಕ್ಕೆ 10,000 ರೂಪಾಯಿ ದಾಟಿದ್ದಕ್ಕೆ ಅದೂ ಒಂದು ಕಾರಣ. ನಾವು ಇಲ್ಲಿ ಖುಷಿಪಟ್ಟ ರೇಟಿನ ಹಿಂದೆ ಆ ಒಣಗಿದ ಕೆರೆಗಳೂ ಇದ್ದವು.

ಚಿ ಅವರ ತೋಟ ಎಷ್ಟು ದೊಡ್ಡದು ಗೊತ್ತಾ? ಒಂದು ಹೆಕ್ಟೇರ್. ಎರಡೂವರೆ ಎಕರೆ. ನಮ್ಮದೇ ನಾಲ್ಕು ಎಕರೆ ಇದೆ! ಅಕ್ಕಪಕ್ಕದವರದ್ದೂ ಹೀಗೇ, ಒಂದು, ಒಂದೂವರೆ ಹೆಕ್ಟೇರ್. ನಾನು ಇಷ್ಟು ವರ್ಷ ದೊಡ್ಡ ದೊಡ್ಡ ಕಂಪನಿ ತೋಟಗಳು, ಲಾರಿಗಟ್ಟಲೆ ಕಾಫಿ ಅಂದುಕೊಂಡಿದ್ದೆ. ಅವರ ಅಪ್ಪ ಅಮ್ಮ ಉತ್ತರದ ಕಡೆಯಿಂದ ಬಂದು ಕಾಡು ಕಡಿದು ಗಿಡ ನೆಟ್ಟವರು.

ಒಂದು ಸಂಜೆ ಊಟಕ್ಕೆ ಕೂತಿದ್ದೆವು. ಅಕ್ಕಿ ಶ್ಯಾವಿಗೆ, ಹಂದಿ ಮಾಂಸ, ಕಳಲೆ. ಆ ಶ್ಯಾವಿಗೆಗೆ ಬುನ್ ಅನ್ನುತ್ತಾರೆ, ನಮ್ಮ ಕೊಡಗಿನ ಶ್ಯಾವಿಗೆ ನೂಪುಟ್ಟಿನ ತಂಗಿ. ನಾವು ಹಂದಿ ಮಾಂಸಕ್ಕೆ ಹಾಕುವ ಕಾಚಂಪುಳಿಯ ಹುಳಿ ಒಂದು ಇದ್ದಿದ್ದರೆ ನಾನು ಕೊಡಗಿನಲ್ಲೇ ಇದ್ದೇನೆ ಅಂದುಕೊಳ್ಳುತ್ತಿದ್ದೆ. ಆಗ ಜೀಪಿನ ವಿಷಯ ಹೇಳಿದೆ. ನಿಮ್ಮ ದೇಶದ ಕಾಫಿಯಿಂದ ನಮ್ಮ ಅಪ್ಪ ಜೀಪು ಮಾರಬೇಕಾಯಿತು ಅಂತ. ಹೇಳಬಾರದಿತ್ತೇನೋ, ಬಾಯಿಗೆ ಬಂದುಬಿಟ್ಟಿತು. ಅವರು ಫೋನನ್ನು ಎರಡು ಸಲ ಓದಿದರು. ಆಮೇಲೆ ನಿಧಾನಕ್ಕೆ ಮಾತಾಡಿದರು. ಆ ವರ್ಷ ಅವರ ಅಪ್ಪ ಅರ್ಧ ತೋಟದ ಕಾಫಿ ಗಿಡಗಳನ್ನು ಬುಡಕ್ಕೇ ಕಡಿದರಂತೆ. ಕುಯ್ಯುವ ಕೂಲಿಯೂ ಹುಟ್ಟುತ್ತಿರಲಿಲ್ಲ. ಒಂದು ವರ್ಷ ಪೂರ್ತಿ ಒಲೆಗೆ ಕಾಫಿ ಕಟ್ಟಿಗೆಯೇ ಉರಿಸಿದರಂತೆ. ಕೊನೆಯಲ್ಲಿ ಫೋನಿನಲ್ಲಿ ಬಂದ ಸಾಲು ಇದು: "ಯಾರೋ ಬೇರೆಯವರು ಜಾಸ್ತಿ ಬೆಳೆದರು ಅಂತ ನಮ್ಮಪ್ಪ ಹೇಳುತ್ತಿದ್ದರು."

ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅವರೇ ಎದ್ದು ನನ್ನ ಬಟ್ಟಲಿಗೆ ಇನ್ನೆರಡು ತುಂಡು ಹಾಕಿದರು.

ಮಾರನೇ ದಿನ ಬೆಳಿಗ್ಗೆ ಅವರು ಅಂಗಳದಲ್ಲಿ ಬಗ್ಗಿ ಒಂದು ಹಿಡಿ ತೆಗೆದುಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿದರು. ನಾನೂ ಒಂದು ಹಿಡಿ ತೆಗೆದುಕೊಂಡು ಅಲ್ಲಾಡಿಸಿದೆ. ಗಲಗಲ. ಅದಕ್ಕೆ ಅನುವಾದ ಬೇಕಾಗಲಿಲ್ಲ.

ದುಡ್ಡಿನ ವಿಷಯದಲ್ಲಿ ಹುಷಾರಾಗಿರಿ. ಒಂದು ರೂಪಾಯಿಗೆ ಹತ್ತಿರಹತ್ತಿರ 300 ಡಾಂಗ್. 20,000ದ ನೋಟೂ ನೀಲಿ, 5,00,000ದ ನೋಟೂ ನೀಲಿ. ಸಂಜೆ ಬೆಳಕಿನಲ್ಲಿ ನಾನು ಬಾಳೆಹಣ್ಣಿಗೆ ದೊಡ್ಡ ನೋಟು ಕೊಟ್ಟು ಹೊರಟುಬಿಟ್ಟಿದ್ದೆ. ಹಣ್ಣಿನವರು ಬೀದಿ ದಾಟಿ ಓಡಿ ಬಂದು ನೋಟು ವಾಪಸ್ ಕೊಟ್ಟರು. ಆಮೇಲಿಂದ ಎರಡನ್ನೂ ಬೇರೆ ಬೇರೆ ಜೇಬಿನಲ್ಲಿಟ್ಟೆ.

ನಾನು ವಾಪಸ್ ಬಂದ ದಿನವೇ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ. "ಅಲ್ಲಿ ಆನೆ ಕಾಟ ಇದೆಯಾ?" ಡಾಕ್ ಲಾಕ್ ಒಂದು ಕಾಲಕ್ಕೆ ಆನೆ ಹಿಡಿಯುವವರ ನಾಡು. ಈಗ ಕಾಡಾನೆಗಳು ತೀರಾ ಕಡಿಮೆ. ಯೋಕ್ ಡಾನ್ ರಾಷ್ಟ್ರೀಯ ಉದ್ಯಾನದಲ್ಲಿ 2018ರಲ್ಲಿ ಆನೆ ಸವಾರಿ ಬಿಡಿಸಿ, ಆನೆಯ ಹಿಂದೆ ದೂರದಿಂದ ನಡೆಯುವ ಪ್ರವಾಸ ಶುರುಮಾಡಿದರು. ನಾನೂ ಒಂದು ಬೆಳಿಗ್ಗೆ ನಡೆದೆ. ಬಿದಿರು ಮುರಿಯುವ ಸದ್ದಿಗೆ ನನ್ನ ಕಾಲು ತಾನಾಗಿ ಹಿಂದೆ ಸರಿಯಿತು. ಜೊತೆಗಿದ್ದವರು ಫೋಟೋ ತೆಗೆಯುತ್ತಿದ್ದರು. ರಾತ್ರಿ ತೋಟದಲ್ಲಿ ಆ ಸದ್ದು ಕೇಳಿ ಬೆಳೆದವರಿಗೆ ಅದು ಬೇರೆಯೇ, ಅಲ್ವಾ? ಆದರೂ ನಡೆದೆ. ಹಗಲು ಬೆಳಕಿನಲ್ಲಿ, ಯಾರ ಬೆಳೆಯನ್ನೂ ತುಳಿಯದೆ, ಯಾರೂ ಪಟಾಕಿ ಹೊಡೆಯದೆ, ಸುಮ್ಮನೆ ಸೊಪ್ಪು ತಿನ್ನುವ ಆನೆಯನ್ನು ನಾನು ನೋಡಿದ್ದು ಅದೇ ಮೊದಲು.

ಇವತ್ತು ರಾತ್ರಿ ಊಟ ಆದಮೇಲೆ ಅಪ್ಪನಿಗೆ ಅಲ್ಲಿಂದ ತಂದ ಫಿನ್‌ನಲ್ಲಿ ಕಾಫಿ ಇಳಿಸಿಕೊಟ್ಟೆ. ಫಿನ್ ಅಂದರೆ ಲೋಟದ ಮೇಲೆ ಕೂರಿಸುವ ಪುಟ್ಟ ತಗಡಿನ ಫಿಲ್ಟರ್. ತೊಟ್ಟು ತೊಟ್ಟಾಗಿ ಡಬ್ಬಿಯ ಗಟ್ಟಿ ಸಿಹಿ ಹಾಲಿನ ಮೇಲೆ ಬೀಳುತ್ತದೆ. ಅಪ್ಪ ಕೊನೆಯ ತೊಟ್ಟಿನವರೆಗೂ ಅದನ್ನೇ ನೋಡುತ್ತಾ ಕೂತರು. ಕುಡಿದು "ಸಿಹಿ ಜಾಸ್ತಿ" ಅಂದರು. ಲೋಟ ಖಾಲಿ ಮಾಡಿದರು. ಆಗಲೇ ಕಾಫಿ ಕಟ್ಟಿಗೆಯ ಕಥೆ ಹೇಳಿದೆ.

ಬಹಳ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, "ಅವರಲ್ಲಿ ಹೂ ಬಂತಾ ಕೇಳು" ಅಂದರು.

ಕೇಳಿದೆ. ಎರಡೇ ನಿಮಿಷಕ್ಕೆ ಚಿ ಫೋಟೋ ಕಳಿಸಿದರು. ನೀರು ಬಿಟ್ಟ ಸಾಲಿನಲ್ಲಿ ಗಿಡ ಪೂರ್ತಿ ಬೆಳ್ಳಗೆ. ನಮ್ಮಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಇನ್ನೂ ಆಗಿಲ್ಲ. ಅಪ್ಪ ಕನ್ನಡಕ ಹಾಕಿಕೊಂಡು ಫೋಟೋವನ್ನು ಎರಡು ಬೆರಳಿಂದ ದೊಡ್ಡದು ಮಾಡಿ ಹೂ ನೋಡಿದರು, ಎಲೆ ನೋಡಿದರು, ಆಮೇಲೆ ಮೇಲಿನ ಖಾಲಿ ಆಕಾಶ ನೋಡಿದರು.

"ನೆರಳಿಗೆ ಏನಾದರೂ ನೆಡೋಕೆ ಹೇಳು ಆ ಹುಡುಗಿಗೆ. ಹೀಗೆ ಬಿಟ್ಟರೆ ಗಿಡ ಬೇಗ ಸೋಲುತ್ತೆ."

ಬರೆದು ಕಳಿಸಿದ್ದೇನೆ. ಇಲ್ಲಿ ಹತ್ತು ಗಂಟೆ, ಅಲ್ಲಿ ಹನ್ನೊಂದೂವರೆ. ಇನ್ನೂ ನೋಡಿಲ್ಲ, ಮಲಗಿರಬೇಕು.