ಬೆಳಗಿನ ಜಾವ ಇಳಿಯುವವರು ರೂಮ್ ಬುಕ್ ಮಾಡುವ ಮುನ್ನ

ರಾತ್ರಿ ವಿಮಾನ ಹತ್ತಿ ಬೆಳಗಿನ ಜಾವ ಇಳಿಯುವವರಿಗೆ ಎಲ್ಲರೂ ಕೊಡುವ ಸಲಹೆ ಒಂದೇ: ಹಿಂದಿನ ರಾತ್ರಿಯ ಬಾಡಿಗೆಯನ್ನೂ ಕಟ್ಟಿಬಿಡಿ, ಹೋದ ತಕ್ಷಣ ರೂಮ್ ಸಿಗುತ್ತದೆ. ಸಲಹೆ ಸರಿಯೇ, ಆದರೆ ಅರ್ಧ ಮಾತ್ರ. ದುಡ್ಡು ಕಟ್ಟಿದ ಮೇಲೂ ರೂಮ್ ಕೈತಪ್ಪುತ್ತದೆ. ನಮಗೆ ಹಾಗೇ ಆಯಿತು.

ಅಮ್ಮ ಜೊತೆಗಿದ್ದರು. ಅವರಿಗೆ ಮಂಡಿ ನೋವು. ರಾತ್ರಿಯೆಲ್ಲ ಸೀಟಿನಲ್ಲಿ ಕೂತು ಬಂದವರು ಕಾಲು ಚಾಚಿ ಮಲಗಲೇಬೇಕು ಅಂತ ಒಂದು ರಾತ್ರಿ ಜಾಸ್ತಿ ಬುಕ್ ಮಾಡಿದ್ದೆವು. ಬುಕಿಂಗ್ ಮಾಡುವಾಗ ವಿಶೇಷ ಕೋರಿಕೆಯ ಜಾಗದಲ್ಲಿ 'ಬೆಳಗ್ಗೆ 5ಕ್ಕೆ ಬರುತ್ತೇವೆ' ಅಂತ ಬರೆದೂ ಇದ್ದೆವು. ಪೂರ್ತಿ ಹಣ ಮೊದಲೇ ಹೋಗಿತ್ತು. ರಿಸೆಪ್ಶನ್‌ನಲ್ಲಿದ್ದ ಹುಡುಗ ಪಾಸ್‌ಪೋರ್ಟ್ ನೋಡಿದ, ಕಂಪ್ಯೂಟರ್ ನೋಡಿದ, 'ನೀವು ನಿನ್ನೆ ಬರಲಿಲ್ಲ, ಬುಕಿಂಗ್ ರದ್ದಾಗಿದೆ' ಅಂದ. ನಿನ್ನೆಯದು ಮಾತ್ರ ಅಲ್ಲ, ಮುಂದಿನ ರಾತ್ರಿಗಳೂ ಅದರ ಜೊತೆಗೇ ಹೋಗಿದ್ದವು. ನಮ್ಮ ರೂಮಿನಲ್ಲಿ ಬೇರೆ ಯಾರೋ ಮಲಗಿದ್ದರು.

ಹೀಗೆ ಯಾಕಾಗುತ್ತದೆ ಅಂತ ಆಮೇಲೆ ಮ್ಯಾನೇಜರ್ ವಿವರಿಸಿದರು. ಹೋಟೆಲಿನಲ್ಲಿ ಮಧ್ಯರಾತ್ರಿ ಕಳೆದ ಮೇಲೆ ಯಾವಾಗಲೋ ಆ ದಿನದ ಲೆಕ್ಕ ಮುಚ್ಚುತ್ತಾರೆ. ಇದಕ್ಕೆ ನೈಟ್ ಆಡಿಟ್ ಅನ್ನುತ್ತಾರೆ. ಅಷ್ಟರೊಳಗೆ ಬಾರದವರ ಹೆಸರಿನ ಮುಂದೆ ನೋ-ಶೋ ಅಂತ ಬೀಳುತ್ತದೆ. ಹಾಗೆ ಬಿದ್ದರೆ ಎಷ್ಟೋ ಹೋಟೆಲುಗಳಲ್ಲಿ ಇಡೀ ಬುಕಿಂಗ್ ರದ್ದಾಗುತ್ತದೆ. ನಾವು ಬರೆದ ಕೋರಿಕೆಯನ್ನು ರಾತ್ರಿ ಪಾಳಿಯವರು ಓದಿರಲೇ ಇಲ್ಲ. ಮುಂದಿನ ರಾತ್ರಿಗಳನ್ನು ಮ್ಯಾನೇಜರ್ ಮತ್ತೆ ಹಾಕಿಕೊಟ್ಟರು. ಮೊದಲ ರಾತ್ರಿಯ ಹಣ ಕೇಳಿದರೆ 'ಬುಕಿಂಗ್ ಸೈಟಿನವರನ್ನು ಕೇಳಿ' ಅಂದರು. ಸೈಟಿನವರು ಹೋಟೆಲನ್ನು ಕೇಳಿ ಅಂದರು. ಆ ಹಣ ವಾಪಸ್ ಬರಲಿಲ್ಲ. ಅದಕ್ಕಿಂತ, ಅಮ್ಮ ಮಧ್ಯಾಹ್ನದವರೆಗೆ ಲಾಬಿಯ ಗಟ್ಟಿ ಕುರ್ಚಿಯಲ್ಲಿ ಕೂತಿದ್ದು ನನಗೆ ಇವತ್ತಿಗೂ ನೋಯುತ್ತದೆ.

ಹಾಗಾಗಿ ಹಿಂದಿನ ರಾತ್ರಿಗೂ ಹಣ ಕಟ್ಟುವವರು ಹೋಟೆಲಿಗೆ ನೇರವಾಗಿ ಫೋನ್ ಮಾಡಿ. 'ಹನ್ನೊಂದನೇ ತಾರೀಖಿನ ಬುಕಿಂಗ್, ಆದರೆ ನಾವು ತಲುಪುವುದು ಹನ್ನೆರಡನೇ ತಾರೀಖು ಬೆಳಗ್ಗೆ 5ಕ್ಕೆ, ನೋ-ಶೋ ಮಾಡಬೇಡಿ' ಅಂತ ಬಿಡಿಸಿ ಹೇಳಿ. ವಿಮಾನದ ಸಂಖ್ಯೆಯನ್ನೂ ಕೊಡಿ. ಅದನ್ನೇ ಇಮೇಲ್‌ನಲ್ಲಿ ಬರೆದು ಉತ್ತರ ತರಿಸಿಕೊಳ್ಳಿ, ಫೋನಿನಲ್ಲಿ ಸೇವ್ ಮಾಡಿಡಿ. ಹೊರಡುವ ದಿನ ಇನ್ನೊಮ್ಮೆ ಫೋನ್ ಮಾಡುವುದು ಅತಿಯಾಯಿತು ಅನ್ನಿಸಿದರೂ ಮಾಡಿ. ರಾತ್ರಿ ಪಾಳಿಯವರ ಕಿವಿಗೆ ಬೀಳುವುದು ಮುಖ್ಯ.

ತಾರೀಖಿನ ವಿಷಯದಲ್ಲಿ ಇನ್ನೊಂದು ತೊಡಕಿದೆ. ಹನ್ನೊಂದರ ಮಧ್ಯರಾತ್ರಿ ಕಳೆದು ಹನ್ನೆರಡನೇ ತಾರೀಖು ಆಗಷ್ಟೇ ಶುರುವಾದಾಗ, 12:40ಕ್ಕೆ ವಿಮಾನ ಇಳಿದರೆ ನಿಮಗೆ ಬೇಕಾಗಿರುವುದು ಹನ್ನೊಂದರ ರೂಮ್. ಟಿಕೆಟ್ ನೋಡಿಕೊಂಡು ಹನ್ನೆರಡಕ್ಕೆ ಬುಕ್ ಮಾಡಿದರೆ ಮಧ್ಯಾಹ್ನದವರೆಗೆ ರೂಮ್ ನಿಮ್ಮದಲ್ಲ. ಹಾಗೆಯೇ, ರಿಸೆಪ್ಶನ್ 24 ಗಂಟೆ ತೆರೆದಿರುತ್ತದೆ ಅಂದ ಮಾತ್ರಕ್ಕೆ ಯಾವ ಹೊತ್ತಿಗೆ ಹೋದರೂ ರೂಮ್ ಕೊಡುತ್ತಾರೆ ಅಂತ ಅಂದುಕೊಳ್ಳಬೇಡಿ.

ಅದೇ ಪ್ರವಾಸದಲ್ಲಿ ಮುಂದಿನ ಊರಿಗೆ ರಾತ್ರಿ ರೈಲಿನಲ್ಲಿ ಹೋದೆವು. ಈ ಸಲ ಹಿಂದಿನ ರಾತ್ರಿಗೆ ಹಣ ಕಟ್ಟಿರಲಿಲ್ಲ. ಅದು ಸಣ್ಣ ಹೋಟೆಲ್, ಲಿಫ್ಟ್ ಕೂಡ ಹಳೆಯದು, ಬಾಡಿಗೆ ಮೊದಲನೆಯದರ ಅರ್ಧವೂ ಇಲ್ಲ. ಚೆಕ್-ಇನ್ ಮಧ್ಯಾಹ್ನ 2ಕ್ಕೆ. ನಾವು ಹೋದಾಗ ಇನ್ನೂ ಬೆಳಗ್ಗೆ 6. ಅಲ್ಲಿದ್ದ ಹೆಂಗಸು ಅಮ್ಮನ ಮುಖ ನೋಡಿ ಮೊದಲು ಕುರ್ಚಿ ಎಳೆದು ಹಾಕಿದರು. 'ಈಗ ರೂಮ್ ಇಲ್ಲ' ಅಂತ ಕೈ ತೊಳೆದುಕೊಳ್ಳಲಿಲ್ಲ. ರಾತ್ರಿ ಖಾಲಿ ಇದ್ದ ರೂಮುಗಳ ಪಟ್ಟಿ ತೆಗೆದರು. ನಾವು ಬುಕ್ ಮಾಡಿದ್ದ ಬಗೆಯದು ಯಾವುದೂ ಖಾಲಿ ಇರಲಿಲ್ಲ. 'ಹಿಂದಿನ ಗೋಡೆಗೆ ಕಿಟಕಿ ಇರುವ ರೂಮ್ ಒಂದಿದೆ, ಮಂಚ ಬೇರೆ ಬೇರೆ, ಆಗುತ್ತದಾ?' ಅಂತ ಕೇಳಿದರು. ಆಗುತ್ತದೆ ಅಂದೆವು. ಕ್ಲೀನ್ ಆಗಿದೆಯಾ ಅಂತ ತಾವೇ ಹೋಗಿ ನೋಡಿ ಬಂದು ಬೀಗದ ಕೈ ಕೊಟ್ಟರು. ಜಾಸ್ತಿ ಹಣ ಕೇಳಲಿಲ್ಲ. ಹಾಸಿಗೆ ಗಟ್ಟಿ, ಬಿಸಿನೀರು ನಿಧಾನ, ಅದೆಲ್ಲ ನಿಜ. ಆದರೂ ಆ ಊರಿಗೆ ಮತ್ತೆ ಹೋದರೆ ನಾನು ಇಳಿಯುವುದು ಅಲ್ಲೇ.

ನಸುಕಿನಲ್ಲಿ ರೂಮ್ ಸಿಗುವುದು, ಸಿಗದಿರುವುದು ನಿಂತಿರುವುದು ಒಂದೇ ವಿಷಯದ ಮೇಲೆ: ನಿನ್ನೆ ರಾತ್ರಿ ಅಲ್ಲಿ ರೂಮ್ ಖಾಲಿ ಇತ್ತಾ? ಚೆಕ್-ಔಟ್ ಬೆಳಗ್ಗೆ 11 ಅಥವಾ 12ಕ್ಕೆ, ಚೆಕ್-ಇನ್ ಮಧ್ಯಾಹ್ನ 2 ಅಥವಾ 3ಕ್ಕೆ ಇಡುವುದು ನಮ್ಮನ್ನು ಸತಾಯಿಸಲು ಅಲ್ಲ. ನಡುವಿನ ಎರಡು ಮೂರು ಗಂಟೆಯಲ್ಲೇ ಕೆಲಸದವರು ಅಷ್ಟೂ ರೂಮಿನ ಹಾಸಿಗೆ ಬದಲಿಸಿ, ಬಾತ್‌ರೂಮ್ ತಿಕ್ಕಿ ಮುಗಿಸಬೇಕು. ಒಂದು ಪಾಳಿಯಲ್ಲಿ ಒಬ್ಬೊಬ್ಬರ ಪಾಲಿಗೆ ಹತ್ತಕ್ಕೂ ಜಾಸ್ತಿ ರೂಮ್ ಬರುವುದು ಸಾಮಾನ್ಯ. ಅವರ ಮೇಲೆ ರೇಗಾಡಿದರೆ ರೂಮ್ ಬೇಗ ಆಗುವುದಿಲ್ಲ. ರಿಸೆಪ್ಶನ್‌ನಲ್ಲಿ 'ರೂಮ್ ರೆಡಿನಾ?' ಅಂತ ಕೇಳುವ ಬದಲು 'ನಮ್ಮ ರೂಮನ್ನು ಮೊದಲು ಕ್ಲೀನ್ ಮಾಡುವ ಸಾಲಿಗೆ ಹಾಕ್ತೀರಾ? ಬೇರೆ ಬಗೆಯದಾದರೂ ಸರಿ' ಅಂತ ಕೇಳಿ. ನಂಬರ್ ಕೊಟ್ಟು, ಆದಾಗ ಫೋನ್ ಮಾಡಿ ಅನ್ನಿ. ವ್ಯಾಪಾರದ ಕೆಲಸಕ್ಕೆ ಬರುವವರೇ ಜಾಸ್ತಿ ಇರುವ ಹೋಟೆಲಿನಲ್ಲಿ ವಾರದ ರಜೆಯ ರಾತ್ರಿಗಳು ಖಾಲಿ, ಹಾಗಾಗಿ ಮರುದಿನ ಬೆಳಗ್ಗೆ ಸಿಗುವ ಆಸೆ ಇದೆ. ವಿಹಾರದ ಊರಿನಲ್ಲಿ ಇದು ಪೂರ್ತಿ ತಿರುಗುಮುರುಗು.

ನನಗೆ ಲಾಬಿಯ ಗದ್ದಲ ಆಗುವುದಿಲ್ಲ. ಅದಕ್ಕೇ ಸಣ್ಣ ಹೋಟೆಲುಗಳ ಕಡೆ ಒಲವು. ಆದರೆ ಸಣ್ಣ ಕಡೆ ರಾತ್ರಿ ಬಾಗಿಲು ತೆಗೆಯುವವರೇ ಇಲ್ಲದಿರಬಹುದು, ಅದನ್ನು ಮೊದಲೇ ಕೇಳಿಕೊಳ್ಳಿ. ದೊಡ್ಡವುಗಳಲ್ಲಿ ದುಡ್ಡಿದ್ದವರಿಗೆ ಬೇರೆ ದಾರಿಗಳಿವೆ. ಪೆನಿನ್ಸುಲಾ ಅನ್ನುವ ಐಷಾರಾಮಿ ಹೋಟೆಲ್ ಸರಣಿಯವರು ತಮ್ಮಲ್ಲೇ ನೇರ ಬುಕ್ ಮಾಡಿದವರಿಗೆ ಬೆಳಗ್ಗೆ 6ರಿಂದಲೇ ರೂಮ್ ಕೊಡುವ ಏರ್ಪಾಡು ಇಟ್ಟಿದ್ದಾರೆ. ಬೇಗ ಬಂದರೆ ಅರ್ಧ ದಿನದ ಬಾಡಿಗೆ ಕೇಳುವ ಹೋಟೆಲುಗಳೂ ಇವೆ. 9 ಗಂಟೆಗೆ ತಲುಪುವವರು ಅದಕ್ಕೆ ಒಪ್ಪಬೇಡಿ. 11ರ ಹೊತ್ತಿಗೆ ಹೇಗೂ ರೂಮುಗಳು ಖಾಲಿಯಾಗತೊಡಗುತ್ತವೆ. ವಯಸ್ಸಾದವರು, ಪುಟ್ಟ ಮಕ್ಕಳು ಜೊತೆಗಿದ್ದರೆ ಲೆಕ್ಕ ಬೇರೆ. ಆಗ ಕೊಟ್ಟುಬಿಡಿ.

ರೂಮ್ ಸಿಗದಿದ್ದರೂ ಲಗೇಜ್ ಇಡಲು ಸಾಮಾನ್ಯವಾಗಿ ಯಾರೂ ಬೇಡ ಅನ್ನುವುದಿಲ್ಲ. ಚೀಟಿ ಕೇಳಿ ಪಡೆಯಿರಿ. ಈಜುಕೊಳ ಅಥವಾ ಜಿಮ್ ಇರುವ ಕಡೆ ಅಲ್ಲಿನ ಶವರ್ ಬಳಸಬಹುದಾ ಅಂತ ಕೇಳಿ, ಎಷ್ಟೋ ಕಡೆ ಬಿಡುತ್ತಾರೆ. ಅದಕ್ಕಾಗಿ ಒಂದು ಜೊತೆ ಬಟ್ಟೆ, ಟವೆಲ್, ಬ್ರಷ್, ಮಾತ್ರೆ, ಚಾರ್ಜರ್ ಇವನ್ನೆಲ್ಲ ಕೈಚೀಲದಲ್ಲೇ ಇಟ್ಟುಕೊಳ್ಳಿ. ಪಾಸ್‌ಪೋರ್ಟ್, ಹಣವನ್ನು ಹೋಟೆಲಿನವರ ಲಗೇಜ್ ಕೋಣೆಯಲ್ಲಿ ಬಿಡಬೇಡಿ.