ಇಂಕ್‌ಸ್ಕೇಪ್‌ನಲ್ಲಿ ‘ಬೆಲ್ಲ’

14 ಜುಲೈ 2024, ಭಾನುವಾರ

ಅಂಗಡಿಗೆ ರಜೆ. ಬೆಳಗ್ಗೆಯಿಂದ ಚಿತ್ರ ಬರೆಯುವ ತಂತ್ರಾಂಶ ಇಂಕ್‌ಸ್ಕೇಪ್‌ನ ಪೆನ್ ಟೂಲ್ ಹಿಡಿದು ಒಂದೇ ಪದ ಬರೆಯುತ್ತಿದ್ದೇನೆ: ಬೆಲ್ಲ. ಮಂಡ್ಯದ ಕಡೆ ಆಲೆಮನೆ ನಡೆಸುವ ಗೆಳೆಯನಿಗೆ ಡಬ್ಬದ ಮೇಲೆ ಅಂಟಿಸಲು ಲೇಬಲ್ ಬೇಕು. “ಫಾಂಟ್ ಹಾಕ್ಬೇಡ ಕಣೋ, ಎಲ್ಲರ ಡಬ್ಬದ ಮೇಲೂ ಅದೇ ಇರುತ್ತೆ. ನೀನೇ ಕೈಯಾರೆ ಬರ್ಕೊಡು” ಅಂದ. ಹೊಸ ತಂತ್ರಾಂಶ ಕಲಿಯೋಕೆ ಇದಕ್ಕಿಂತ ಒಳ್ಳೆ ನೆಪ ಬೇಕಾ?

ಡಿಟಿಪಿ ಕೆಲಸದಲ್ಲಿರುವ ನಮ್ಮಂಥವರಿಗೆ ಇದೇ ಥರದ ತಂತ್ರಾಂಶ ಕೋರೆಲ್‌ಡ್ರಾ ಕೈಗೆ ಕೂತುಬಿಟ್ಟಿದೆ. ಮದುವೆ ಕಾರ್ಡು, ಫ್ಲೆಕ್ಸು, ಬಿಲ್ ಬುಕ್ಕು ಎಲ್ಲ ಅದರಲ್ಲೇ. ಇಂಕ್‌ಸ್ಕೇಪ್ 2003ರಿಂದ ಇರುವ ಮುಕ್ತ ತಂತ್ರಾಂಶ, ದುಡ್ಡು ಕೊಡಬೇಕಿಲ್ಲ. ಆದರೆ ಬೆರಳುಗಳಿಗೆ ಹಳೆ ಅಭ್ಯಾಸ. ಕೋರೆಲ್‌ನಲ್ಲಿ ಕಂಟ್ರೋಲ್ ಕ್ಯೂ ಒತ್ತಿದರೆ ಟೈಪ್ ಮಾಡಿದ ಅಕ್ಷರ ಕರ್ವ್, ಅಂದರೆ ತಿದ್ದಬಹುದಾದ ಗೆರೆ ಆಗುತ್ತದೆ. ಇಲ್ಲಿ ಅದನ್ನೇ ಒತ್ತಿದರೆ ತಂತ್ರಾಂಶವೇ ಮುಚ್ಚಿಕೊಳ್ಳಲು ಹೊರಡುತ್ತದೆ! ಕೋರೆಲ್ ಮಾದರಿಯ ಶಾರ್ಟ್‌ಕಟ್‌ಗಳನ್ನು ಸೆಟ್ಟಿಂಗ್ಸ್‌ನಲ್ಲಿ ಆರಿಸಿಕೊಳ್ಳಬಹುದು. ನಾನು ಬೇಡ ಅಂದುಕೊಂಡೆ. ಕಲಿಯುವುದಾದರೆ ಆ ಮನೆಯ ಪದ್ಧತಿಯಲ್ಲೇ ಕಲಿಯಬೇಕು. ಪೆನ್‌ಗೆ ‘ಬಿ’, ನೋಡ್ (ಗೆರೆಯನ್ನು ಹಿಡಿದಿಡುವ ಚುಕ್ಕಿ) ತಿದ್ದಲು ‘ಎನ್’. ಸದ್ಯಕ್ಕೆ ಈ ಎರಡು ಕೀಲಿ ಸಾಕು.

ಮೊದಲು ಪೆನ್ಸಿಲ್ ಟೂಲ್‌ನಲ್ಲಿ ಬರೆದು ನೋಡಿದೆ. ಮೌಸ್ ಎಳೆದಂತೆ ಗೆರೆ ಬರುತ್ತದೆ, ಜೊತೆಗೆ ಕೈಯ ನಡುಕವೂ ಬರುತ್ತದೆ. ‘ಎನ್’ ಒತ್ತಿದರೆ ಗೆರೆಯ ಉದ್ದಕ್ಕೂ ನೋಡ್‌ಗಳ ಸಾಲು. ಕಂಟ್ರೋಲ್ ಎಲ್ ಒತ್ತಿದರೆ ಅವು ಕಡಿಮೆಯೇನೋ ಆಗುತ್ತವೆ, ಆದರೆ ಯಾವುದು ಉಳಿಯಬೇಕು ಅನ್ನುವುದು ನಮ್ಮ ಕೈಯಲ್ಲಿಲ್ಲ. ಸ್ಟಿಕ್ಕರ್ ಕಟಿಂಗ್ ಮಾಡುವವರಿಗೆ ಇದರ ಕಷ್ಟ ಗೊತ್ತು. ಬೇಡದ ನೋಡ್ ಜಾಸ್ತಿಯಾದಷ್ಟೂ ಬ್ಲೇಡ್ ತಡವರಿಸುತ್ತದೆ, ಅಂಚು ಒರಟಾಗುತ್ತದೆ.

ಪೆನ್ ಟೂಲ್‌ನಲ್ಲಿ ಹಾಗಲ್ಲ. ಎಲ್ಲಿ ನೋಡ್ ಇಡಬೇಕು ಅಂತ ಮೊದಲೇ ಯೋಚಿಸಬೇಕು. ಗೆರೆ ಅತಿ ಮೇಲೆ, ಅತಿ ಕೆಳಗೆ, ಅತಿ ಎಡಕ್ಕೆ, ಅತಿ ಬಲಕ್ಕೆ ಹೋಗಿ ತಿರುಗುವ ಜಾಗಗಳಲ್ಲಿ ಮಾತ್ರ ಇಟ್ಟರೆ ಸಾಕು. ಇಡೀ ವೃತ್ತಕ್ಕೇ ನಾಲ್ಕು ನೋಡ್ ಸಾಕಾಗುತ್ತದೆ. ನಂಬಿಕೆ ಬರದಿದ್ದರೆ ಒಂದು ವೃತ್ತ ಬರೆದು, ಅದನ್ನು ಪಾತ್ (ನೋಡ್‌ಗಳಿರುವ ಗೆರೆ) ಮಾಡಿ, ‘ಎನ್’ ಒತ್ತಿ ನೋಡಿ. ನಮ್ಮ ಅಕ್ಷರಗಳೆಲ್ಲ ಉರುಟು ಉರುಟು, ಅಲ್ವಾ? ಈ ಟೂಲ್ ಕನ್ನಡಕ್ಕೆಂದೇ ಹುಟ್ಟಿದಂತಿದೆ ಅನಿಸಿತು ನನಗೆ.

ಈ ಟೂಲ್ ಎಳೆಯುವ ಬಾಗು ಗೆರೆ, ಅಂದರೆ ಬೆಜಿಯೇ ಕರ್ವ್, ಹುಟ್ಟಿದ್ದು ಮಾತ್ರ ಕಾರಿಗಾಗಿ. ಫ್ರಾನ್ಸಿನ ರೆನೋ ಕಂಪನಿಯ ಎಂಜಿನಿಯರ್ ಪಿಯರ್ ಬೆಜಿಯೇ 1960ರ ದಶಕದಲ್ಲಿ ಕಾರಿನ ಮೈಯ ಬಾಗುಗಳನ್ನು ಲೆಕ್ಕಕ್ಕೆ ಇಳಿಸಲು ಈ ಕರ್ವ್ ಬಳಸಿದರು. ಇನ್ನೊಂದು ಕಾರು ಕಂಪನಿ ಸಿಟ್ರೊಯೆನ್‌ನಲ್ಲಿದ್ದ ಪಾಲ್ ದ ಕಾಸ್ತೆಲ್ಜೋ 1959ರಲ್ಲೇ ಇದೇ ದಾರಿ ಹಿಡಿದಿದ್ದರು. ಅವರ ಕಂಪನಿ ಅದನ್ನು ಗುಟ್ಟಾಗಿಟ್ಟಿತು, ಹಾಗಾಗಿ ಹೆಸರು ಬೆಜಿಯೇ ಪಾಲಾಯಿತು. ಪಾಪ ಅನಿಸುತ್ತದೆ.

ಮಧ್ಯಾಹ್ನದ ತನಕ ‘ಲ’ ಒಂದೇ ಬರೆದೆ. ಎಡಗಡೆ ಒಳಕ್ಕೆ ಸುತ್ತಿಕೊಳ್ಳುವ ಸುರುಳಿಯಿಂದ ಶುರು. ಕ್ಲಿಕ್ ಮಾಡಿ, ಬಿಡದೆ ಎಳೆದರೆ ಗೆರೆಯ ಬಾಗನ್ನು ತಿದ್ದುವ ಕಡ್ಡಿ, ಅಂದರೆ ಹ್ಯಾಂಡಲ್, ಹೊರಬರುತ್ತದೆ. ಕಂಟ್ರೋಲ್ ಹಿಡಿದು ಎಳೆದರೆ ಅದು ನೇರ ಅಡ್ಡಕ್ಕೋ ಉದ್ದಕ್ಕೋ ನಿಲ್ಲುತ್ತದೆ. ಚೂಪಾಗಿ ತಿರುಗಬೇಕಾದ ಕಡೆ ಶಿಫ್ಟ್ ಹಿಡಿದರೆ ಒಂದು ಬದಿಯ ಹ್ಯಾಂಡಲ್ ಮಾತ್ರ ಬಾಗುತ್ತದೆ. ಇಟ್ಟ ನೋಡ್ ಹಿಡಿಸದಿದ್ದರೆ ಬ್ಯಾಕ್‌ಸ್ಪೇಸ್, ಗೆರೆ ಮುಗಿದಾಗ ಎಂಟರ್. ಆಮೇಲೆ ಗೆರೆಯನ್ನು ದಪ್ಪ ಮಾಡಿ ತುದಿಗಳನ್ನು ಗುಂಡಗೆ ಮಾಡಿದೆ. ಒಂದು ಹ್ಯಾಂಡಲ್ ಕೂದಲೆಳೆಯಷ್ಟು ಉದ್ದವಾದರೂ ಹೊಟ್ಟೆ ಉಬ್ಬಿದಂತೆ ಕಾಣುತ್ತದೆ. ಇಷ್ಟು ವರ್ಷ ಟೈಪ್ ಮಾಡಿದ್ದರೂ ‘ಲ’ವನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ.

ಒತ್ತು ಬರೆಯುವಾಗ ಇವತ್ತಿನ ದೊಡ್ಡ ಪಾಠ ಸಿಕ್ಕಿತು. ಲಾವತ್ತು ಅಂದರೆ ಚಿಕ್ಕ ‘ಲ’ವೇ. ಹಾಗಾಗಿ ಬರೆದ ಗೆರೆಯನ್ನೇ ಕಂಟ್ರೋಲ್ ಡಿ ಒತ್ತಿ ನಕಲು ಮಾಡಿ, ಚಿಕ್ಕದು ಮಾಡಿ ಕೆಳಗೆ ಕೂರಿಸಿದರಾಯಿತು. ಆದರೆ ಚಿಕ್ಕದು ಮಾಡಿದಾಗ ಗೆರೆಯ ದಪ್ಪವೂ ಕುಗ್ಗಿ ಒತ್ತು ಸೊರಗಿತು. ಆಯ್ಕೆ ಟೂಲ್ ಹಿಡಿದಾಗ ಮೇಲಿನ ಪಟ್ಟಿಯಲ್ಲಿ ಇದಕ್ಕೆಂದೇ ಒಂದು ಬಟನ್ ಇದೆ. ಅದನ್ನು ಆಫ್ ಮಾಡಿದರೆ ಆಕಾರ ಕುಗ್ಗಿದರೂ ದಪ್ಪ ಹಾಗೇ ಉಳಿಯುತ್ತದೆ. ಪೂರ್ತಿ ಅಷ್ಟೇ ದಪ್ಪ ಇಟ್ಟರೂ ಒತ್ತು ಕಪ್ಪು ಮುದ್ದೆಯಾಗುತ್ತದೆ. ಮೇಲಿನ ಅಕ್ಷರಕ್ಕಿಂತ ಒಂಚೂರು ತೆಳ್ಳಗೆ ಮಾಡಿದೆ, ಆಗ ಕಣ್ಣಿಗೆ ಎರಡೂ ಸಮ ಅನಿಸಿತು. ಕನ್ನಡ ಬರೆಯುವವರಿಗೆ ಆ ಪುಟ್ಟ ಬಟನ್ ಬಹಳ ಮುಖ್ಯ. ಯಾರಾದರೂ ಕಲಿಯಲು ಬಂದರೆ ಮೊದಲ ದಿನವೇ ಅದನ್ನು ತೋರಿಸುತ್ತೇನೆ.

‘ಬೆ’ ಇನ್ನೂ ಬಾಕಿ. ಎತ್ವದ ಕೊಕ್ಕೆ ಎಷ್ಟು ಎತ್ತರಕ್ಕೆ ಹೋಗಬೇಕು ಅಂತ ಪೆನ್ಸಿಲ್ ಹಿಡಿದು ಕಾಗದದ ಮೇಲೆ ಬರೆದು ನೋಡುತ್ತಿದ್ದೇನೆ. ಅದು ಮುಗಿದ ಮೇಲೆ ದಪ್ಪ ಗೆರೆಗಳ ಅಂಚನ್ನೇ ಪಾತ್ ಮಾಡಿ, ಒಂದಕ್ಕೊಂದು ಸೇರಿಸಬೇಕು. ಬಣ್ಣ ಆಮೇಲೆ. ಗೆಳೆಯನಿಗೆ ಕಳಿಸುವ ಮುಂಚೆ ಡಬ್ಬದ ಅಳತೆಗೇ ಕಪ್ಪು ಬಿಳುಪಿನಲ್ಲಿ ಒಂದು ಪ್ರಿಂಟ್ ತೆಗೆದು, ಒತ್ತು ದೂರದಿಂದ ಓದಲು ಬರುತ್ತದಾ ನೋಡಬೇಕು.